ಒಂಬತ್ತು ವರ್ಷದ ಹುಡುಗನಿಗೆ ಯಾವ ವಿಡಿಯೊ ಗೇಮ್ ಕೊಡಿಸಲಿ?

ಪ್ರಶ್ನೆ: ನನ್ನ ತಂಗಿಯ ಮಗನಿಗೆ ಬರುವ ತಿಂಗಳು ಒಂಬತ್ತು ತುಂಬುತ್ತದೆ. ಕೈಯಲ್ಲಿ ಹಿಡಿದು ಆಡುವ ವಿಡಿಯೊ ಗೇಮ್ ಬೇಕು ಅಂತ ಬಹಳ ದಿನದಿಂದ ಕೇಳುತ್ತಿದ್ದಾನೆ. ಅವನಿಗೆ ಆರು ವರ್ಷದ ತಂಗಿ ಇದ್ದಾಳೆ. ಅವರ ಮನೆ ಹಾಸನದಲ್ಲಿ. ನಮ್ಮಣ್ಣ ಅಮೆರಿಕದಿಂದ ಬರುವವನಿದ್ದಾನೆ, ಅಲ್ಲಿಂದಲೇ ತರಿಸೋಣ ಅಂತಿದ್ದೇನೆ. ಎಲ್ಲಾ ಸೇರಿ 400 ಡಾಲರ್ ದಾಟಬಾರದು. ನಿಂಟೆಂಡೊ ಕಂಪನಿಯ ಸ್ವಿಚ್ ಲೈಟ್ ಸಾಕಾ, ದೊಡ್ಡದು ಬೇಕಾ, ಹೊಸ ಸ್ವಿಚ್ 2 ತಗೋಬೇಕಾ? ಗೇಮ್ ಚಟ ಹಿಡಿದೀತು ಅಂತ ತಂಗಿಗೆ ಭಯ. ಯಾರಿಗೂ ಹೇಳದೆ ತಂದುಕೊಟ್ಟು ಸರ್ಪ್ರೈಸ್ ಮಾಡಲಾ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದವಳು ಆ ಆರು ವರ್ಷದ ಹುಡುಗಿ. ಹುಟ್ಟುಹಬ್ಬ ಅಣ್ಣನದೇ ಇರಬಹುದು. ಆದರೆ ಡಬ್ಬಿ ಬಿಚ್ಚಿ ಸ್ವಲ್ಪ ಹೊತ್ತಿಗೇ ಅವಳೂ ಪಕ್ಕದಲ್ಲಿ ಬಂದು ಕೂತು "ನಂಗೂ ಕೊಡು" ಅನ್ನುತ್ತಾಳೆ. ಆಗ ಜಗಳ ಶುರುವಾಗುತ್ತದಾ, ಇಬ್ಬರೂ ಸೇರಿ ಆಡುತ್ತಾರಾ ಅನ್ನುವುದು ಬಹುಮಟ್ಟಿಗೆ ನೀವು ಆರಿಸಿದ ಮಾಡೆಲ್ ಮೇಲೆ ಹೋಗುತ್ತದೆ. ಹಾಗಾಗಿ ಸುತ್ತಿ ಬಳಸದೆ ಹೇಳುತ್ತೇನೆ. ಟಿವಿಗೆ ಜೋಡಿಸಬಹುದಾದ, ಕಂಟ್ರೋಲರ್ ಬಿಚ್ಚಿ ಇಬ್ಬರಿಗೆ ಹಂಚಬಹುದಾದ ಸಾಧಾರಣ ನಿಂಟೆಂಡೊ ಸ್ವಿಚ್ ತರಿಸಿ. ಲೈಟ್ ಬೇಡ. ಸ್ವಿಚ್ 2 ಸದ್ಯಕ್ಕೆ ಬೇಡ. ಮತ್ತು ಯಂತ್ರದ ಬಗ್ಗೆ ಯೋಚಿಸಿದಷ್ಟೇ ಹೊತ್ತು ಅದರ ಜೊತೆ ಕೊಡುವ ಮೊದಲ ಆಟದ ಬಗ್ಗೆಯೂ ಯೋಚಿಸಿ.

ನಾನು ಬೆಂಗಳೂರಿನಲ್ಲಿ ಇಂಥ ಯಂತ್ರಗಳ ರಿಪೇರಿ ಮಾಡುವವನು. ಅಂಗಡಿಗೆ ಬರುವ ಅಪ್ಪ ಅಮ್ಮಂದಿರ ಜೊತೆ ಮಾತಾಡಿದ್ದೂ, ಬಿಚ್ಚಿ ಒಳಗೆ ನೋಡಿದ್ದೂ ಸೇರಿ ಈ ಅಭಿಪ್ರಾಯ ಬಂದಿದೆ.

ಮೊದಲು ಲೈಟ್ ವಿಷಯ. 2019ರ ಸೆಪ್ಟೆಂಬರ್‌ನಲ್ಲಿ ಬಂದ ಮಾಡೆಲ್ ಅದು. ಪರದೆ 5.5 ಇಂಚು, ತೂಕ ಮುನ್ನೂರು ಗ್ರಾಂಗಿಂತ ಕಡಿಮೆ. ಮಕ್ಕಳ ಕೈಗೆ ಚೆನ್ನಾಗಿ ಕೂರುತ್ತದೆ, ಬೆಲೆಯೂ ಕಡಿಮೆ. ಒಬ್ಬನೇ ಮಗ, ದಿನಾ ಬಸ್ಸಲ್ಲೋ ರೈಲಲ್ಲೋ ಓಡಾಟ ಅಂತಿದ್ದರೆ ನಾನೇ ಅದನ್ನು ತಗೊಳ್ಳಿ ಅನ್ನುತ್ತಿದ್ದೆ. ಆದರೆ ಅದರ ಕಂಟ್ರೋಲರ್‌ಗಳು ಮೈಗೆ ಅಂಟಿಕೊಂಡೇ ಇರುತ್ತವೆ, ಬಿಚ್ಚಲು ಆಗುವುದಿಲ್ಲ. ಟಿವಿಗೂ ಜೋಡಿಸಲು ಆಗುವುದಿಲ್ಲ. ಇಬ್ಬರು ಆಡಬೇಕಾದರೆ ಬೇರೆ ಕಂಟ್ರೋಲರ್ ಕೊಂಡು, ಆ ಚಿಕ್ಕ ಪರದೆಯ ಮುಂದೆ ತಲೆಗೆ ತಲೆ ತಾಗಿಸಿ ಕೂರಬೇಕು. ಅಂದರೆ ಲೈಟ್ ಒಬ್ಬರದು. ಅಣ್ಣ ಆಡುವಾಗ ತಂಗಿ ಕಾಯಬೇಕು.

ಸಾಧಾರಣ ಸ್ವಿಚ್ ಹಾಗಲ್ಲ. ಎರಡೂ ಪಕ್ಕದಲ್ಲಿ ಜಾಯ್-ಕಾನ್ ಅನ್ನುವ ಪುಟ್ಟ ಕಂಟ್ರೋಲರ್‌ಗಳಿವೆ. ಅವನ್ನು ಜಾರಿಸಿ ತೆಗೆದು, ಅಡ್ಡಕ್ಕೆ ಹಿಡಿದರೆ ಒಂದೊಂದೂ ಪೂರ್ತಿ ಕಂಟ್ರೋಲರ್ ಆಗುತ್ತದೆ. ಯಂತ್ರವನ್ನು ಡಾಕ್ ಅನ್ನುವ, ಟಿವಿಗೆ ತಂತಿ ಜೋಡಿಸಿದ ಸ್ಟ್ಯಾಂಡಿನಲ್ಲಿ ಇಟ್ಟರೆ ಚಿತ್ರ ಟಿವಿಯಲ್ಲಿ ಬರುತ್ತದೆ. ಡಬ್ಬಿಯಲ್ಲೇ ಇಬ್ಬರು ಆಡುವ ಸಾಮಾನು ಇರುತ್ತದೆ, ಇನ್ನೇನೂ ಕೊಳ್ಳಬೇಕಿಲ್ಲ.

ಟಿವಿಗೆ ಹಾಕುವುದನ್ನು ನಾನು ಒತ್ತಿ ಹೇಳುವುದಕ್ಕೆ ಇನ್ನೂ ಎರಡು ಕಾರಣಗಳಿವೆ. ಒಂದು, ಕಣ್ಣು. ಮಕ್ಕಳು ಚಿಕ್ಕ ಪರದೆಯನ್ನು ಮುಖಕ್ಕೆ ತೀರಾ ಹತ್ತಿರ ಹಿಡಿಯುತ್ತಾರೆ. ಹೊತ್ತುಗಟ್ಟಲೆ ಹತ್ತಿರದ್ದನ್ನೇ ನೋಡುವುದು, ಹೊರಗೆ ಬೆಳಕಿನಲ್ಲಿ ಆಡದಿರುವುದು, ಎರಡೂ ಸಮೀಪದೃಷ್ಟಿಗೆ ದಾರಿ ಅಂತ ಕಣ್ಣಿನ ಡಾಕ್ಟರುಗಳು ಹೇಳುತ್ತಲೇ ಇದ್ದಾರೆ. ಟಿವಿ ದೂರದಲ್ಲಿರುತ್ತದೆ. ಎರಡನೆಯದು, ಹಾಲ್‌ನಲ್ಲಿ ಆಡುವ ಆಟ ಮನೆಯವರೆಲ್ಲರ ಕಣ್ಣಿಗೂ ಬೀಳುತ್ತದೆ. ಅಡುಗೆಮನೆಯಿಂದಲೇ ಅಮ್ಮನಿಗೆ ಏನು ನಡೀತಿದೆ ಅಂತ ಗೊತ್ತಾಗುತ್ತದೆ. ಅಜ್ಜನೂ "ಅದ್ಯಾರು, ಆ ಟೋಪಿ ಹಾಕಿದವನು?" ಅಂತ ಕೇಳುತ್ತಾನೆ. ಹೊದಿಕೆಯೊಳಗೆ ಆಡುವ ಆಟಕ್ಕೂ ಹಾಲ್‌ನಲ್ಲಿ ಆಡುವ ಆಟಕ್ಕೂ ಬಹಳ ವ್ಯತ್ಯಾಸ ಇದೆ. ನಿಮ್ಮ ತಂಗಿಯ ಭಯದ ಅರ್ಧ ಇಲ್ಲೇ ಇಳಿಯುತ್ತದೆ ಅಂತ ನನ್ನ ನಂಬಿಕೆ.

ಈಗ ದುಡ್ಡು. ಅಮೆರಿಕದಲ್ಲಿ 2025ರ ಆಗಸ್ಟ್‌ನಲ್ಲಿ ಬೆಲೆ ಏರಿತು. ಆಮೇಲೆ ಲೈಟ್ ಸುಮಾರು 230 ಡಾಲರ್, ಸಾಧಾರಣ ಸ್ವಿಚ್ 340, ಓಎಲ್‌ಇಡಿ ಪರದೆಯ ಸ್ವಿಚ್ 400 ಆಯಿತು. 2025ರ ಜೂನ್ 5ರಂದು ಬಂದ ಸ್ವಿಚ್ 2ಕ್ಕೆ ಆಗ 450 ಇತ್ತು. ಇವೆಲ್ಲದರ ಮೇಲೆ ಆಯಾ ರಾಜ್ಯದ ತೆರಿಗೆ ಬೇರೆ. ನಿಮ್ಮ 400 ಡಾಲರ್‌ನಲ್ಲಿ ಸಾಧಾರಣ ಸ್ವಿಚ್, ಜೊತೆಗೆ ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಒಳ್ಳೆಯ ಆಟ, ಎರಡೂ ಬರುತ್ತವೆ. ಓಎಲ್‌ಇಡಿ ತಗೊಂಡರೆ ಪರದೆ 6.2 ಇಂಚಿನ ಬದಲು 7 ಇಂಚು, ಬಣ್ಣ ನಿಜಕ್ಕೂ ಚಂದ. ಆದರೆ ಆಟಕ್ಕೆ ದುಡ್ಡು ಉಳಿಯುವುದಿಲ್ಲ. ಟಿವಿಗೆ ಹಾಕಿದ ಮೇಲೆ ಆ ಪರದೆಯಿಂದ ಉಪಯೋಗವೂ ಇಲ್ಲ. ಆಟವೇ ಇಲ್ಲದ ಯಂತ್ರವನ್ನು ಹುಟ್ಟುಹಬ್ಬಕ್ಕೆ ಕೊಟ್ಟರೆ ಹುಡುಗ ಮೆನು ನೋಡಿಕೊಂಡು ಕೂರಬೇಕಾಗುತ್ತದೆ. ಹಾಗೆ ಆಗಬಾರದು.

ಸ್ವಿಚ್ 2 ಕೆಟ್ಟ ಯಂತ್ರ ಅಂತ ಅಲ್ಲ. ಹಳೆಯ ಸ್ವಿಚ್‌ನ ಬಹುತೇಕ ಆಟಗಳೂ ಅದರಲ್ಲಿ ಓಡುತ್ತವೆ. ಮುಂದಿನ ವರ್ಷಗಳ ಹೊಸ ಆಟಗಳು ಅದಕ್ಕೇ ಬರುತ್ತವೆ. ಹದಿಮೂರರ ಹುಡುಗನಿಗೆ ಕೇಳಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. ಒಂಬತ್ತರವನಿಗೆ ಅದು ಭಾರ. ಕಂಟ್ರೋಲರ್ ಸೇರಿ ಅರ್ಧ ಕೆಜಿಗಿಂತ ಜಾಸ್ತಿ, ಪರದೆ 7.9 ಇಂಚು. ಬ್ಯಾಟರಿ ಆಟಕ್ಕೆ ತಕ್ಕಂತೆ ಎರಡು ಗಂಟೆಯಿಂದ ಆರೂವರೆ ಗಂಟೆ ಅಂತ ಕಂಪನಿಯೇ ಹೇಳುತ್ತದೆ. ಈಗ ಹೊಸದಾಗಿ ಸಿಗುವ ಸಾಧಾರಣ ಸ್ವಿಚ್‌ಗೆ ಅದು ನಾಲ್ಕೂವರೆಯಿಂದ ಒಂಬತ್ತು ಗಂಟೆ. ಮೆಮೊರಿ ಕಾರ್ಡ್ ಕೂಡ ಮಾಮೂಲಿ ಮೈಕ್ರೊಎಸ್‌ಡಿ ನಡೆಯುವುದಿಲ್ಲ, ಎಕ್ಸ್‌ಪ್ರೆಸ್ ಅನ್ನುವ ದುಬಾರಿ ಬಗೆಯೇ ಬೇಕು.

ಇನ್ನೊಂದು ತೊಡಕೂ ಇದೆ. ಸ್ವಿಚ್‌ನ ಆಟಗಳು ಯಂತ್ರಕ್ಕೆ ಸಿಕ್ಕಿಸುವ ಪುಟ್ಟ ಕಾರ್ಡಿನಲ್ಲಿ ಬರುತ್ತವೆ. ಆದರೆ ಸ್ವಿಚ್ 2ರ ಕೆಲವು ಆಟಗಳ ಕಾರ್ಡಿನಲ್ಲಿ ಆಟವೇ ಇರುವುದಿಲ್ಲ. ಅದು ಬರೀ ಬೀಗದ ಕೈ, ಆಟವನ್ನು ಪೂರ್ತಿಯಾಗಿ ಇಂಟರ್ನೆಟ್‌ನಿಂದ ಇಳಿಸಿಕೊಳ್ಳಬೇಕು. ಡಬ್ಬಿಯ ಮೇಲೆ ಹಾಗಂತ ಬರೆದಿರುತ್ತದೆ, ನೋಡಿ ಕೊಳ್ಳಬೇಕು. ಮಕ್ಕಳಿಗೆ ಕಾರ್ಡ್ ಹಾಕಿದ ಕೂಡಲೇ ಆಟ ಶುರುವಾಗಬೇಕು ಅಲ್ವಾ?

ಶಕ್ತಿ ಜಾಸ್ತಿ ಇರುವುದೇ ಒಳ್ಳೆಯ ಉಡುಗೊರೆ ಅನ್ನುವ ಮಾತು ಈ ಲೋಕದಲ್ಲಿ ಯಾವತ್ತೂ ನಿಜವಾಗಿಲ್ಲ. 1989ರ ಏಪ್ರಿಲ್‌ನಲ್ಲಿ ಜಪಾನಿನಲ್ಲಿ ಗೇಮ್ ಬಾಯ್ ಬಂತು. ಅದನ್ನು ರೂಪಿಸಿದವರಲ್ಲಿ ಮುಖ್ಯರಾದ ಗುನ್‌ಪೆ ಯೊಕೊಯ್ ಬೇಕಂತಲೇ ಹಳೆಯ, ಅಗ್ಗದ, ಎಲ್ಲರಿಗೂ ಚೆನ್ನಾಗಿ ಗೊತ್ತಿದ್ದ ಬಿಡಿಭಾಗಗಳನ್ನು ಆರಿಸಿಕೊಂಡರು. ಪರದೆಗೆ ಬಣ್ಣ ಇಲ್ಲ, ಹಿಂದಿನಿಂದ ಬೆಳಕೂ ಇಲ್ಲ. ಅದೇ ವರ್ಷ ಅಟಾರಿ ಕಂಪನಿ ಬಣ್ಣದ ಪರದೆಯ ಲಿಂಕ್ಸ್ ತಂದಿತು. ಮರುವರ್ಷ ಸೆಗಾ ಕಂಪನಿ ಗೇಮ್ ಗಿಯರ್ ತಂದಿತು. ನೋಡಲು ಎರಡೂ ಅದ್ಭುತ. ಆದರೆ ಗೇಮ್ ಗಿಯರ್ ಆರು ಸೆಲ್‌ಗಳನ್ನು ಕೆಲವೇ ಗಂಟೆಗಳಲ್ಲಿ ತಿಂದುಹಾಕುತ್ತಿತ್ತು. ಗೇಮ್ ಬಾಯ್ ನಾಲ್ಕೇ ಸೆಲ್‌ನಲ್ಲಿ ಅದರ ಎಷ್ಟೋ ಪಟ್ಟು ಹೊತ್ತು ನಡೆಯುತ್ತಿತ್ತು. ಕೊನೆಗೆ ಗೇಮ್ ಬಾಯ್ ಮತ್ತು ಅದರ ಬಣ್ಣದ ಮಾಡೆಲ್ ಸೇರಿ 11 ಕೋಟಿಗೂ ಹೆಚ್ಚು ಮಾರಾಟವಾದವು, ಉಳಿದೆರಡು ಮೂಲೆಗೆ ಹೋದವು. ಆ ಗೇಮ್ ಬಾಯ್ ನಮ್ಮೂರುಗಳಿಗೆ ಅಷ್ಟಾಗಿ ಬರಲಿಲ್ಲ. ನಮಗೆ ಬಂದದ್ದು ತೊಂಬತ್ತರ ದಶಕದ "9999 ಇನ್ 1" ಬ್ರಿಕ್ ಗೇಮ್, ಜಾತ್ರೆಯಲ್ಲಿ, ಫ್ಯಾನ್ಸಿ ಸ್ಟೋರಿನಲ್ಲಿ ಸಿಗುತ್ತಿದ್ದದ್ದು. ಎರಡು ಸೆಲ್ ಹಾಕಿದರೆ ಬೇಸಿಗೆ ರಜೆ ಪೂರ್ತಿ ಕೈಬದಲಾಗುತ್ತಾ ಓಡಾಡುತ್ತಿತ್ತು. ನಲವತ್ತರ ಆಸುಪಾಸಿನವರಿಗೆ ಅದರ ಟೀಂ ಟೀಂ ಸದ್ದು ಈಗಲೂ ನೆನಪಿರುತ್ತದೆ.

ಅದರ ಮೊಮ್ಮಕ್ಕಳು ಈಗಲೂ ಮಾರುಕಟ್ಟೆಯಲ್ಲಿವೆ. "400 ಇನ್ 1" ಅಂತ ಬರೆದ, ಕೈಯಗಲದ ಬಣ್ಣದ ಡಬ್ಬಿ. ಬೆಲೆ ಸಾವಿರ ರೂಪಾಯಿಯ ಒಳಗೆ. ಇದನ್ನೇ ಕೊಡಿಸಿದರೆ ಆಗಲ್ವಾ ಅಂತ ಬಹಳ ಜನ ಕೇಳುತ್ತಾರೆ. ಒಂದು ರೈಲು ಪ್ರಯಾಣಕ್ಕೆ ಆಗುತ್ತದೆ. ಅದರೊಳಗಿರುವುದು ಎಂಬತ್ತರ ದಶಕದ ಹಳೆಯ ಆಟಗಳ ಪರವಾನಗಿ ಇಲ್ಲದ ನಕಲುಗಳು, ಅದೇ ಆಟಗಳು ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತವೆ. ಬಹಳಷ್ಟು ಆಟಗಳಲ್ಲಿ ಎಲ್ಲಿವರೆಗೆ ಆಡಿದ್ದು ಅಂತ ಉಳಿಸಿಕೊಳ್ಳಲೂ ಆಗುವುದಿಲ್ಲ. ಬ್ಯಾಟರಿ ಹಳೆಯ ಬೇಸಿಕ್ ಫೋನಿನ ಥರದ್ದು, ಗುಣಮಟ್ಟ ಅಷ್ಟಕ್ಕಷ್ಟೆ. ಉಬ್ಬಿದ ಬ್ಯಾಟರಿ ಕಂಡರೆ ಒಂದು ಕ್ಷಣವೂ ಬಳಸಬೇಡಿ. ಮೂರ್ನಾಲ್ಕು ಸಾವಿರದಿಂದ ಶುರುವಾಗುವ ಚೀನಾದ ರೆಟ್ರೊ ಹ್ಯಾಂಡ್‌ಹೆಲ್ಡ್‌ಗಳು ತಯಾರಿಕೆಯಲ್ಲಿ ಎಷ್ಟೋ ಮೇಲು. ಆದರೆ ಅವುಗಳ ಕಾರ್ಡಿನಲ್ಲಿ ತುಂಬಿ ಕೊಡುವ ಸಾವಿರಾರು ಆಟಗಳು ಕದ್ದವು. ಹಳೆಯ ಆಟಗಳ ಹುಚ್ಚಿರುವ ದೊಡ್ಡವರು ತಿಳಿದು ಕೊಳ್ಳುವ ಸಾಮಾನು ಅದು, ಮಗುವಿನ ಉಡುಗೊರೆ ಅಲ್ಲ.

ಸ್ಟೀಮ್ ಡೆಕ್, ಆರ್‌ಒಜಿ ಅಲೈ ಥರದ್ದನ್ನು ಸುಮ್ನೆ ಬಿಟ್ಟುಬಿಡಿ. ಅವು ಕೈಯಲ್ಲಿ ಹಿಡಿಯುವ ಕಂಪ್ಯೂಟರ್‌ಗಳು. ಆರುನೂರು ಗ್ರಾಂ ದಾಟಿದ ತೂಕ, ಅಪ್‌ಡೇಟ್, ಸೆಟ್ಟಿಂಗ್, ಕಂಪ್ಯೂಟರ್ ಆಟಗಳ ಇಡೀ ಸಂತೆ. ಕಾಲೇಜು ಹುಡುಗರಿಗೆ ಸರಿ. ಪ್ಲೇಸ್ಟೇಷನ್ ಪೋರ್ಟಲ್ ನೋಡಿ ಮೋಸ ಹೋಗಬೇಡಿ, ಅದು ತಾನಾಗಿ ಯಾವ ಆಟವನ್ನೂ ನಡೆಸುವುದಿಲ್ಲ. ಬೇರೆಡೆ ನಡೆಯುವ ಆಟವನ್ನು ವೈ-ಫೈ ಮೂಲಕ ತರಿಸಿ ತೋರಿಸುತ್ತದೆ ಅಷ್ಟೇ.

ಇನ್ನು ಮನೆಯಲ್ಲಿ ಬಂದೇ ಬರುವ ಪ್ರಶ್ನೆ: ಫೋನಿನಲ್ಲೇ ಗೇಮ್ ಇದೆಯಲ್ಲ, ಇದಕ್ಕೆ ಇಷ್ಟು ದುಡ್ಡು ಯಾಕೆ?

ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಿಮ್ಮ ತಂಗಿಯ ಭಯಕ್ಕೂ ಇದಕ್ಕೂ ನೇರ ಸಂಬಂಧ ಇದೆ. ಫೋನಿನ ಬಹುತೇಕ ಆಟಗಳು ಬಿಟ್ಟಿ. ಬಿಟ್ಟಿ ಆಟಕ್ಕೆ ದುಡ್ಡು ಬರುವುದು ಜಾಹೀರಾತಿನಿಂದ ಮತ್ತು ಆಟದ ನಡುವೆ ಮಾಡಿಸುವ ಖರೀದಿಯಿಂದ. ಹಾಗಾಗಿ ಮಗು ಆಟ ಮುಗಿಸಿ ಎದ್ದು ಹೋದರೆ ಅವರಿಗೆ ನಷ್ಟ. ದಿನಾ ಬಂದರೆ ಬಹುಮಾನ, ನಾಲ್ಕು ಗಂಟೆ ಬಿಟ್ಟು ಮತ್ತೆ ಬಾ ಅನ್ನುವ ಟೈಮರ್, ಒಳಗೆ ಏನಿದೆ ಅಂತ ಗೊತ್ತಿಲ್ಲದ ಪೆಟ್ಟಿಗೆ ಕೊಳ್ಳುವ ಆಸೆ, ಎಲ್ಲವೂ ಆ ಲೆಕ್ಕದಿಂದಲೇ ಹುಟ್ಟಿದ್ದು. ಈ ಅದೃಷ್ಟದ ಪೆಟ್ಟಿಗೆಗಳನ್ನು 2018ರಲ್ಲಿ ಬೆಲ್ಜಿಯಂ ದೇಶ ಜೂಜು ಅಂತಲೇ ತೀರ್ಮಾನಿಸಿತು. ನಮ್ಮಲ್ಲೂ 2025ರ ಆಗಸ್ಟ್‌ನಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಸಂಸತ್ತಿನಲ್ಲಿ ಪಾಸಾಯಿತು. ಆದರೆ ಜಾಹೀರಾತು ತೋರಿಸಿ ಮಗುವನ್ನು ಕೂರಿಸಿಕೊಳ್ಳುವ ಸಾಮಾನ್ಯ ಬಿಟ್ಟಿ ಆಟಗಳು ಅದರೊಳಗೆ ಬರುವುದಿಲ್ಲ.

ಕಾರ್ಡಿನಲ್ಲಿ ಬರುವ ಒಳ್ಳೆಯ ಆಟ ಹಾಗಲ್ಲ. ಒಂದು ಸಲ ದುಡ್ಡು ಕೊಟ್ಟರೆ ಮುಗಿಯಿತು. ನಡುವೆ ಜಾಹೀರಾತು ಬರುವುದಿಲ್ಲ. ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಅದಕ್ಕೆ ಹಂತಗಳಿವೆ, ಕೊನೆಯೂ ಇದೆ. ಆಡಿ ಮುಗಿಸಿದ ಮೇಲೆ ಗೆಳೆಯನಿಗೆ ಎರವಲು ಕೊಡಬಹುದು, ಮಾರಬಹುದು. ಒಳ್ಳೆಯ ಆಟ ಮಾಡುವವರು ಮಗು ಖುಷಿಯಿಂದ ಮುಗಿಸಲಿ ಅಂತ ವರ್ಷಗಟ್ಟಲೆ ಕೆಲಸ ಮಾಡಿರುತ್ತಾರೆ. ಈ ಎರಡನ್ನೂ "ಗೇಮ್" ಅಂತ ಒಂದೇ ಬುಟ್ಟಿಗೆ ಹಾಕುವುದು ನ್ಯಾಯ ಅಲ್ಲ.

ಒಂದು ಎಚ್ಚರಿಕೆ. ಸ್ವಿಚ್‌ನಲ್ಲೂ ಬಿಟ್ಟಿ ಆನ್‌ಲೈನ್ ಆಟಗಳಿವೆ, ಫೋರ್ಟ್‌ನೈಟ್ ಥರದ್ದು. ಅದು ಯಾವ ಆಟ ಯಾವ ವಯಸ್ಸಿಗೆ ಅಂತ ಗೊತ್ತುಮಾಡುವ ಅಮೆರಿಕದ ಇಎಸ್‌ಆರ್‌ಬಿ ರೇಟಿಂಗ್ ಪ್ರಕಾರ ಹದಿಮೂರು ದಾಟಿದವರಿಗೆ. ಶಾಲೆಯಲ್ಲಿ ಗೆಳೆಯರ ಬಾಯಲ್ಲಿ ಹೆಸರು ಕೇಳಿ ಹುಡುಗ ಬೇಕು ಅನ್ನಬಹುದು. ಈಗಲೇ ಬೇಡ.

ಮೊದಲ ಆಟ ಯಾವುದು? ಇಲ್ಲಿ ನಮ್ಮ ಮಕ್ಕಳಿಗೆ ಸಂಬಂಧಪಟ್ಟ ಒಂದು ವಿಷಯ ನೋಡಬೇಕು. ಸ್ವಿಚ್‌ನ ಮೆನು ಕನ್ನಡದಲ್ಲಿ ಇಲ್ಲ, ಹಿಂದಿಯಲ್ಲೂ ಇಲ್ಲ. ಆಟಗಳಲ್ಲಿ ಇಂಗ್ಲಿಷ್ ಓದಬೇಕು. ಮಕ್ಕಳು ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದರೆ, ಅಥವಾ ಆರು ವರ್ಷದವಳಿಗೆ ಯಾವ ಭಾಷೆಯೂ ಸರಾಗವಾಗಿ ಓದಲು ಬರದಿದ್ದರೆ, ಮಾತು ಜಾಸ್ತಿ ಇರುವ ಆಟ ಕೊಟ್ಟು ಪ್ರಯೋಜನ ಇಲ್ಲ. ಪೋಕೆಮಾನ್, ಅನಿಮಲ್ ಕ್ರಾಸಿಂಗ್ ಒಳ್ಳೆಯ ಆಟಗಳೇ, ಆದರೆ ಪರದೆ ತುಂಬಾ ಮಾತು. ಒಂದೆರಡು ವರ್ಷ ಆದ ಮೇಲೆ ನೋಡಿದರಾಯಿತು.

ನಾನು ಕೊಡುವುದಾದರೆ ಮಾರಿಯೊ ಕಾರ್ಟ್ 8 ಡಿಲಕ್ಸ್ ಕೊಡುತ್ತೇನೆ. 2017ರ ಆಟ, ಇವತ್ತಿಗೂ ಅದರಷ್ಟು ಚೆನ್ನಾಗಿ ಮನೆಮಂದಿಯನ್ನು ಸೇರಿಸುವ ಆಟ ಇನ್ನೊಂದಿಲ್ಲ ಅಂತ ನನಗನಿಸುತ್ತದೆ. ರೇಸ್ ಅಂದರೆ ಏನು ಅಂತ ಯಾರಿಗೂ ಹೇಳಿಕೊಡಬೇಕಿಲ್ಲ, ಓದುವುದೂ ಕಡಿಮೆ. ಅದರಲ್ಲಿ ಸ್ಮಾರ್ಟ್ ಸ್ಟೀರಿಂಗ್ ಅಂತ ಒಂದು ಸೌಲಭ್ಯ ಇದೆ, ಗಾಡಿ ರಸ್ತೆ ಬಿಟ್ಟು ಹೊರಗೆ ಹೋಗದಂತೆ ತಡೆಯುತ್ತದೆ. ತಾನಾಗಿ ಓಡುವ ಇನ್ನೊಂದು ಸೌಲಭ್ಯವೂ ಇದೆ. ಎರಡನ್ನೂ ತಂಗಿಗೆ ಮಾತ್ರ ಹಾಕಿಕೊಡಬಹುದು. ಆರು ವರ್ಷದವಳೂ ಅಣ್ಣನ ಜೊತೆ ಅದೇ ರೇಸಿನಲ್ಲಿ ಓಡುತ್ತಾಳೆ, ಪ್ರತಿ ತಿರುವಿನಲ್ಲೂ ಹಳ್ಳಕ್ಕೆ ಬಿದ್ದು ಅಳುವುದಿಲ್ಲ.

ರೇಸ್ ಇಷ್ಟವಿಲ್ಲದಿದ್ದರೆ ಸೂಪರ್ ಮಾರಿಯೊ ಬ್ರದರ್ಸ್ ವಂಡರ್. 2023ರ ಅಕ್ಟೋಬರ್‌ನಲ್ಲಿ ಬಂದದ್ದು. ನಾಲ್ಕು ಜನದವರೆಗೆ ಒಟ್ಟಿಗೆ ಆಡಬಹುದು. ಅದರಲ್ಲಿ ಯೋಶಿ ಅಥವಾ ನ್ಯಾಬಿಟ್ ಅನ್ನುವ ಪಾತ್ರ ಆರಿಸಿಕೊಂಡರೆ ಶತ್ರುಗಳು ತಾಗಿದರೂ ಏಟು ಬೀಳುವುದಿಲ್ಲ. ಚಿಕ್ಕವಳಿಗೆ ಯೋಶಿ ಕೊಟ್ಟರೆ ಸರಿಹೋಗುತ್ತದೆ. 2022ರ ಕರ್ಬಿ ಅಂಡ್ ದಿ ಫರ್ಗಾಟನ್ ಲ್ಯಾಂಡ್ ಕೂಡ ಇಬ್ಬರ ಆಟ, ಸುಲಭದ ಹಂತ ಅಂತ ಬೇರೆಯಾಗಿಯೇ ಇದೆ. ಮೂರರಲ್ಲಿ ಯಾವುದಾದರೂ ಒಂದು ಸಾಕು. ಮೊದಲ ದಿನವೇ ಐದು ಆಟ ಕೊಟ್ಟರೆ ಯಾವುದನ್ನೂ ನೆಟ್ಟಗೆ ಆಡುವುದಿಲ್ಲ.

ಆಟದ ಕಾರ್ಡ್ ಅಂಚೆಚೀಟಿಯಷ್ಟೇ ಚಿಕ್ಕದು. ಮಕ್ಕಳು ಬಾಯಿಗೆ ಹಾಕಿಕೊಳ್ಳದಿರಲಿ ಅಂತ ಅದಕ್ಕೆ ಡೆನಟೋನಿಯಂ ಬೆಂಜೋಯೇಟ್ ಅನ್ನುವ ವಿಪರೀತ ಕಹಿ ಪದಾರ್ಥ ಬಳಿದಿರುತ್ತಾರೆ. ಆದರೂ ಮನೆಗೆ ಬಂದುಹೋಗುವ ಕೂಸುಗಳಿದ್ದರೆ ಕಾರ್ಡ್ ಎತ್ತರದಲ್ಲಿಡಿ.

ಈಗ ನೇರವಾಗಿ ಚಟದ ಮಾತು. ನಿಮ್ಮ ತಂಗಿಯ ಆತಂಕವನ್ನು ತಳ್ಳಿಹಾಕಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಡಿಸಾರ್ಡರ್ ಅನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದೆ, ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಬೇರೆಲ್ಲದಕ್ಕಿಂತ ಆಟವೇ ಮೊದಲಾಗುವುದು, ತೊಂದರೆಯಾಗುತ್ತಿದೆ ಅಂತ ಗೊತ್ತಿದ್ದೂ ಮುಂದುವರಿಸುವುದು, ಇದು ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ನಡೆದಾಗ ಆ ಹೆಸರು ಕೊಡುತ್ತಾರೆ. ರಜೆಯಲ್ಲಿ ಒಂದು ವಾರ ಹುಚ್ಚು ಹಿಡಿದಂತೆ ಆಡಿದರೆ ಅದು ಕಾಯಿಲೆ ಅಲ್ಲ. ಆದರೆ ನಿದ್ದೆ ಕೆಟ್ಟರೆ, ಶಾಲೆಗೆ ಹೋಗಲ್ಲ ಅಂದರೆ, ಗೆಳೆಯರು ಬೇಡವಾದರೆ, ಸುಮ್ಮನಿರಬಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕಾಗಿಯೇ 2014ರಿಂದ ಶಟ್ ಕ್ಲಿನಿಕ್ ನಡೆಯುತ್ತಿದೆ. ಹಾಸನದಿಂದ ಅರ್ಧ ದಿನದ ದಾರಿ. ಇದು ನಿಮ್ಮ ತಂಗಿಗೆ ಗೊತ್ತಿರಲಿ.

ಮನೆಯಲ್ಲಿ ಜಗಳ ಆಗುವುದು ಹೆಚ್ಚಾಗಿ ಆಟದ ಬಗ್ಗೆ ಅಲ್ಲ, ಆಟ ನಿಲ್ಲಿಸುವುದರ ಬಗ್ಗೆ. "ಐದು ನಿಮಿಷ" ಅಂದರೆ ಮಗುವಿಗೆ ಅರ್ಥವಿಲ್ಲ. ಐದನೇ ನಿಮಿಷಕ್ಕೆ ಅವನು ರೇಸಿನ ಕೊನೆಯ ತಿರುವಿನಲ್ಲಿ ಇರುತ್ತಾನೆ. ಅದಕ್ಕೇ ನಿಮಿಷದ ಬದಲು ಆಟದ ಅಳತೆಯಲ್ಲೇ ಒಪ್ಪಂದ ಮಾಡಿಕೊಳ್ಳಿ ಅಂತ ನಾನು ಹೇಳುವುದು. ಮಾರಿಯೊ ಕಾರ್ಟ್‌ನಲ್ಲಿ ಒಂದು ಕಪ್ ಅಂದರೆ ನಾಲ್ಕು ರೇಸ್. ಒಂದು ರೇಸಿಗೆ ಎರಡು ಮೂರು ನಿಮಿಷ. "ಇವತ್ತು ಎರಡು ಕಪ್" ಅಂದರೆ ಎಷ್ಟು ಅಂತ ಅವನಿಗೂ ಗೊತ್ತು, ಅಮ್ಮನಿಗೂ ಗೊತ್ತು. ಕಪ್ ಮುಗಿದಾಗ ಗೆದ್ದವರಿಗೆ ಬಹುಮಾನ ಕೊಟ್ಟು ಆಟವೇ ಒಂದು ಕ್ಷಣ ನಿಲ್ಲುತ್ತದೆ. ಎದ್ದು ಬರಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಊಟಕ್ಕೆ ತಕ್ಷಣ ಏಳಬೇಕಾದರೂ ತೊಂದರೆ ಇಲ್ಲ. ಮೇಲಿನ ಗುಂಡಿ ಒತ್ತಿದರೆ ಯಂತ್ರ ಮಲಗುತ್ತದೆ, ಮತ್ತೆ ಒತ್ತಿದರೆ ನಿಂತ ಜಾಗದಿಂದಲೇ ಶುರುವಾಗುತ್ತದೆ. "ಸೇವ್ ಆಗಿಲ್ಲ ಅಮ್ಮಾ" ಅನ್ನುವ ಮಾತಿಗೆ ಇಲ್ಲಿ ಉತ್ತರ ಇದೆ.

ಇದರ ಜೊತೆಗೆ ನಿಂಟೆಂಡೊದ ಪೇರೆಂಟಲ್ ಕಂಟ್ರೋಲ್ಸ್ ಆಪ್ ಇದೆ. ದಿನಕ್ಕೆ ಇಷ್ಟು ಹೊತ್ತು, ರಾತ್ರಿ ಇಷ್ಟು ಗಂಟೆಯ ಮೇಲೆ ಬೇಡ ಅಂತ ಹಾಕಬಹುದು. ಹೊತ್ತು ಮೀರಿದರೆ ಪರದೆಯ ಮೇಲೆ ಎಚ್ಚರಿಕೆ ಬರುತ್ತದೆ. ಬೇಕಿದ್ದರೆ ಆಟವೇ ನಿಲ್ಲುವ ಹಾಗೂ ಮಾಡಬಹುದು. ಮೊದಲ ತಿಂಗಳು ಬರೀ ಎಚ್ಚರಿಕೆ ಸಾಕು, ಬಲವಂತದ ನಿಲುಗಡೆ ಕೊನೆಯ ಅಸ್ತ್ರವಾಗಿರಲಿ. ಯಾವ ವಯಸ್ಸಿನ ಆಟ ತೆರೆಯಬಹುದು, ಅಪರಿಚಿತರ ಜೊತೆ ಸಂದೇಶ ನಡೆಯಬೇಕಾ ಅನ್ನುವುದನ್ನು ಆಪ್ ಇಲ್ಲದೆ ಯಂತ್ರದಲ್ಲೇ ಪಿನ್ ಹಾಕಿ ಕಟ್ಟಬಹುದು. ಗಂಟೆಗೊಮ್ಮೆ ಹತ್ತು ಹದಿನೈದು ನಿಮಿಷ ಬಿಡುವು ಕೊಡಿ ಅಂತ ಕಂಪನಿಯೇ ಹೇಳುತ್ತದೆ. ಮನೆಯಲ್ಲಿ ಯಾರಿಗಾದರೂ ಮೂರ್ಛೆ ರೋಗ ಇದ್ದರೆ, ಮಿನುಗುವ ಬೆಳಕಿನಿಂದ ಅದು ಬರಬಹುದಾದ್ದರಿಂದ, ಡಾಕ್ಟರನ್ನು ಕೇಳದೆ ಆಡಿಸಬೇಡಿ.

ರಿಪೇರಿ ವಿಷಯ ನನ್ನ ಕಸುಬಿನದು, ಸ್ವಲ್ಪ ಕೇಳಿ. ನಿಂಟೆಂಡೊ ಭಾರತದಲ್ಲಿ ಅಧಿಕೃತವಾಗಿ ಮಾರುವುದಿಲ್ಲ. ಇಲ್ಲಿ ಸಿಗುವುದೆಲ್ಲ ಹೊರಗಿಂದ ತಂದದ್ದು. ಹಾಗಾಗಿ ವಾರಂಟಿ ಇಲ್ಲ ಅಂತಲೇ ಅಂದುಕೊಳ್ಳಿ. ಮುಖ್ಯ ಕಾಯಿಲೆ ಡ್ರಿಫ್ಟ್. ಕಂಟ್ರೋಲರ್ ಮೇಲೆ ಹೆಬ್ಬೆರಳಿನಿಂದ ತಿರುಗಿಸುವ ಕಡ್ಡಿಯನ್ನು ಮುಟ್ಟದಿದ್ದರೂ ಪಾತ್ರ ತಾನಾಗಿ ಒಂದು ಕಡೆ ನಡೆಯುತ್ತಾ ಹೋಗುತ್ತದೆ. ಕಡ್ಡಿಯ ಬುಡದಲ್ಲಿ ಇಂಗಾಲದ ಪಟ್ಟಿಯ ಮೇಲೆ ಲೋಹದ ಮುಳ್ಳು ಉಜ್ಜುತ್ತಿರುತ್ತದೆ, ಪಟ್ಟಿ ಸವೆದರೆ, ಧೂಳು ಸೇರಿದರೆ ಹೀಗಾಗುತ್ತದೆ. 2020ರಲ್ಲಿ ಕಂಪನಿಯ ಅಧ್ಯಕ್ಷ ಶುಂತಾರೊ ಫುರುಕಾವಾ ಇದಕ್ಕೆ ಷೇರುದಾರರ ಸಭೆಯಲ್ಲಿ ಕ್ಷಮೆ ಕೇಳಿದ್ದರು. ಸಾಧಾರಣ ಸ್ವಿಚ್‌ನಲ್ಲಿ ಜಾಯ್-ಕಾನ್ ಒಂದನ್ನೇ ಬಿಚ್ಚಿ ಕೊರಿಯರ್ ಮಾಡಿದರೆ ಸಾಕು, ಅಷ್ಟು ದಿನ ಇನ್ನೊಂದರಲ್ಲಿ ಒಬ್ಬರು ಆಡುತ್ತಿರಬಹುದು. ಲೈಟ್‌ನಲ್ಲಿ ಇಡೀ ಯಂತ್ರವೇ ರಿಪೇರಿಗೆ ಹೋಗಬೇಕು. ಬೇರೆ ಊರಿನಲ್ಲಿರುವವರಿಗೆ ಲೈಟ್ ಬೇಡ ಅನ್ನಲು ನನಗೆ ಇದೂ ಒಂದು ದೊಡ್ಡ ಕಾರಣ. ರಿಪೇರಿ ಮಾಡಿಸುವಾಗ ಹಾಲ್ ಎಫೆಕ್ಟ್ ಕಡ್ಡಿ ಹಾಕಿಸಿ. ಅದು ಅಯಸ್ಕಾಂತದಿಂದ ಕೆಲಸ ಮಾಡುತ್ತದೆ, ಉಜ್ಜಾಟ ಇಲ್ಲದ್ದರಿಂದ ಹಾಗೆ ಸವೆಯುವುದಿಲ್ಲ. ಬೆಂಗಳೂರಿನ ಎಸ್‌ಪಿ ರಸ್ತೆ, ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ ಕಡೆ ವಿಚಾರಿಸಿದರೆ ಮಾಡಿಕೊಡುವವರು ಸಿಗುತ್ತಾರೆ. ಸ್ವಿಚ್ 15 ಕೋಟಿಗೂ ಹೆಚ್ಚು ಮಾರಾಟವಾದ ಯಂತ್ರ, ಬಿಡಿಭಾಗಗಳಿಗೆ ಬರವಿಲ್ಲ.

ಚಾರ್ಜರ್ ಮತ್ತು ಡಾಕ್ ಜೊತೆಗೆ ಬಂದದ್ದನ್ನೇ ಬಳಸಿ. ಅಗ್ಗದ ನಕಲಿ ಡಾಕ್‌ನಿಂದ ಚಾರ್ಜಿಂಗ್ ಚಿಪ್ ಸುಟ್ಟ ಯಂತ್ರಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ. ಅಮೆರಿಕದ ಚಾರ್ಜರ್ ನಮ್ಮ 230 ವೋಲ್ಟ್‌ಗೂ ನಡೆಯುತ್ತದೆ, ಪಿನ್‌ಗೆ ಒಂದು ಅಡಾಪ್ಟರ್ ಹಾಕಿದರಾಯಿತು. ಪರೀಕ್ಷೆ ಸಮಯದಲ್ಲಿ ಬೀರುವಿನಲ್ಲಿಟ್ಟರೂ ಆರು ತಿಂಗಳಿಗೆ ಒಮ್ಮೆಯಾದರೂ ಚಾರ್ಜ್ ಮಾಡಬೇಕು. ಇಲ್ಲದಿದ್ದರೆ ಬ್ಯಾಟರಿ ಸತ್ತುಹೋಗುತ್ತದೆ.

ಅಮೆರಿಕದಿಂದ ಬರುವ ನಿಮ್ಮಣ್ಣನಿಗೆ ಎರಡು ಮಾತು. ಯಂತ್ರವನ್ನು ಕೈಚೀಲದಲ್ಲೇ ತರಲಿ, ಲಿಥಿಯಂ ಬ್ಯಾಟರಿ ಇರುವ ಸಾಮಾನನ್ನು ಲಗೇಜಿಗೆ ಹಾಕದಿರುವುದೇ ಒಳ್ಳೆಯದು. ಅಮೆರಿಕದಲ್ಲಿ ಸೆಕೆಂಡ್ ಹ್ಯಾಂಡ್ ಯಂತ್ರ ಕೊಳ್ಳುವ ಯೋಚನೆ ಇದ್ದರೆ, ಪೂರ್ತಿ ಕೆಂಪು ಬಣ್ಣದ ಡಬ್ಬಿಯದ್ದು ನೋಡಲಿ. ಅದು 2019ರಲ್ಲಿ ಬ್ಯಾಟರಿ ಸುಧಾರಿಸಿದ ಮಾಡೆಲ್, 2017ರಲ್ಲಿ ಮೊದಲು ಬಂದದ್ದು ಅಷ್ಟು ಹೊತ್ತು ಬರುವುದಿಲ್ಲ. ಒಳಗೆ ಕೈಯಾಡಿಸಿ ಕದ್ದ ಆಟ ಹಾಕಿದ ಯಂತ್ರ ಮಾತ್ರ ಬೇಡವೇ ಬೇಡ, ಅದನ್ನು ಕಂಪನಿ ಆನ್‌ಲೈನ್‌ನಿಂದ ಹೊರಗಿಡಬಹುದು. ಆಟದ ಕಾರ್ಡ್ ಬಹುತೇಕ ಯಾವ ದೇಶದಲ್ಲಿ ಕೊಂಡರೂ ಸ್ವಿಚ್‌ನಲ್ಲಿ ನಡೆಯುತ್ತದೆ, ಅದಕ್ಕೆ ಚಿಂತೆ ಇಲ್ಲ. (ಇದನ್ನು ಓದುವವರಲ್ಲಿ ಜಪಾನಿನಲ್ಲಿ ನೆಂಟರಿರುವವರಿಗೆ ಒಂದು ಮಾತು. ಅಲ್ಲಿ 2025ರಲ್ಲಿ 49,980 ಯೆನ್‌ಗೆ ಬಂದ ಸ್ವಿಚ್ 2 ಅಗ್ಗ ಅಂತ ತರಿಸಬೇಡಿ. ಅದರಲ್ಲಿ ಜಪಾನಿ ಭಾಷೆ ಮಾತ್ರ, ಜಪಾನಿನ ಖಾತೆ ಮಾತ್ರ ನಡೆಯುತ್ತದೆ.)

ಕೊನೆಗೆ ಸರ್ಪ್ರೈಸ್. ಹುಡುಗನಿಗೆ ಮಾಡಿ, ನಿಮ್ಮ ತಂಗಿಗೆ ಬೇಡ. ಈ ಉಡುಗೊರೆಯನ್ನು ದಿನಾ ನಡೆಸಿಕೊಂಡು ಹೋಗಬೇಕಾದವಳು ಅವಳು. ಇವತ್ತೇ ಫೋನ್ ಮಾಡಿ ಕೇಳಿ. ಬೇಡ ಅಂದರೆ ಕಾರಣ ಕೇಳಿ, ಒತ್ತಾಯ ಮಾಡಬೇಡಿ, ಒಂದು ವರ್ಷ ತಡೆದರೂ ಹುಡುಗನಿಗೆ ನಷ್ಟವಿಲ್ಲ. ಒಪ್ಪಿದರೆ ಹುಟ್ಟುಹಬ್ಬದ ಹಿಂದಿನ ರಾತ್ರಿ ಡಬ್ಬಿ ಬಿಚ್ಚಿ ಪೂರ್ತಿ ಚಾರ್ಜ್ ಮಾಡಿ. ವೈ-ಫೈಗೆ ಹಾಕಿ ಅಪ್‌ಡೇಟ್ ಮುಗಿಸಿ, ಇಲ್ಲದಿದ್ದರೆ ಮರುದಿನ ಮಕ್ಕಳು ಕೇಕ್ ಕತ್ತರಿಸಿ ಅಪ್‌ಡೇಟ್ ಮುಗಿಯಲಿ ಅಂತ ಕಾಯುತ್ತಾ ಕೂರಬೇಕು. ಒಂದು ಯಂತ್ರದಲ್ಲಿ ಎಂಟು ಜನರ ಹೆಸರು ಹಾಕಬಹುದು. ಅಣ್ಣನಿಗೊಂದು, ತಂಗಿಗೊಂದು ಬೇರೆ ಬೇರೆ ಮಾಡಿ, ಆಗ ಒಬ್ಬರ ಆಟವನ್ನು ಇನ್ನೊಬ್ಬರು ಅಳಿಸುವ ಗಲಾಟೆ ಬರುವುದಿಲ್ಲ. ಆಮೇಲೆ ನಿಮ್ಮ ತಂಗಿಯನ್ನೇ ಕೂರಿಸಿಕೊಂಡು ಪಿನ್ ಹಾಕಿಸಿ. ಮಗನ ಹುಟ್ಟಿದ ಇಸವಿ ಪಿನ್ ಆಗದಿರಲಿ, ಮಕ್ಕಳು ಮೊದಲು ಒತ್ತಿ ನೋಡುವುದು ಅದನ್ನೇ.